ಗಡಿನಾಡಿನ ಪ್ರಾಚೀನಾವಶೇಷಗಳೂ ನಮ್ಮ ವಿದ್ಯಾರ್ಥಿಗಳೂ

ಪ್ರಾಂತಗಳ ಮೇರೆಗಳು ಕಾಲಕಾಲಕ್ಕೆ ಬದಲಾಗುತ್ತವೆ. ಊರ ಗುಡಿಯ ಮುಂದೆ ಹಿರಿಯರು ನೆಟ್ಟ ಕಲ್ಲು ಮಾತ್ರ ನೆಟ್ಟಲ್ಲಿಯೇ ನಿಂತಿರುತ್ತದೆ. ೧೯೫೬ನೆಯ ಇಸವಿಯ ಅಕ್ಟೋಬರ ೩೧ರವರೆಗೆ ನಿಲಂಗಾ ಮತ್ತು ಉದಗೀರ ತಾಲೂಕುಗಳು ಹೈದರಾಬಾದ ರಾಜ್ಯದ ಬೀದರ ಜಿಲ್ಲೆಗೆ ಸೇರಿದ್ದವು. ಮರುದಿನ, ನವೆಂಬರ ೧ರಂದು, ರಾಜ್ಯಗಳ ಪುನರ್ವಿಂಗಡಣೆಯಾಗಿ ಅವು ಅಹಮದಪುರ ತಾಲೂಕಿನೊಡನೆ ಮುಂಬಯಿ ರಾಜ್ಯಕ್ಕೆ ಸೇರಿದವು. ಬೀದರ ಜಿಲ್ಲೆಯ ಬಹುಭಾಗವು ಮೈಸೂರು ರಾಜ್ಯಕ್ಕೆ ಬಂದಿತು. ೧೯೬೦ರ ಮೇ ೧ರಂದು ಮಹಾರಾಷ್ಟ್ರ ರಾಜ್ಯವು ಹುಟ್ಟಿತು. ೧೯೮೨ರಲ್ಲಿ ಉಸ್ಮಾನಾಬಾದ ಜಿಲ್ಲೆಯನ್ನು ಒಡೆದು ಲಾತೂರ ಜಿಲ್ಲೆಯನ್ನು ಮಾಡಿದಾಗ ನಿಲಂಗಾ, ಉದಗೀರಗಳು ಅದರಲ್ಲಿ ಕೂಡಿದವು. ಉಮರ್ಗಾ ಈಗ ಧಾರಾಶಿವವೆಂದು ಹೆಸರಾದ ಹಳೆಯ ಜಿಲ್ಲೆಯಲ್ಲಿಯೇ ಉಳಿಯಿತು. ಒಂದೇ ತಲೆಮಾರಿನ ಜನರು ತಮ್ಮ ಮನೆಯ ಹೊಸ್ತಿಲನ್ನು ದಾಟದೆಯೇ ಮೂರು ರಾಜ್ಯಗಳ ಪ್ರಜೆಗಳಾದರು.

ಇಷ್ಟೆಲ್ಲ ಬದಲಾವಣೆಯ ನಡುವೆ ನಮ್ಮ ಊರುಗಳ ಗುಡಿಗಳು, ವೀರಗಲ್ಲುಗಳು, ಬಾವಿಗಳು, ಕೋಟೆಗಳು ಯಾವ ಕಾಗದದ ಗಡಿಯನ್ನೂ ಕೇಳಲಿಲ್ಲ. ಅವುಗಳ ಮೈಮೇಲಿನ ಅಕ್ಷರಗಳು ಸಾವಿರ ವರ್ಷಗಳ ಹಿಂದೆ ಕಂಡರಿಸಿದಾಗ ಹೇಳುತ್ತಿದ್ದುದನ್ನೇ ಇಂದಿಗೂ ಹೇಳುತ್ತಿವೆ. ಕೇಳುವ ಕಿವಿಗಳು ಮಾತ್ರ ಕಡಿಮೆಯಾಗಿವೆ. ಆ ಅಕ್ಷರಗಳನ್ನು ಓದತಕ್ಕವರು ಯಾರು, ಆ ಕಲ್ಲುಗಳನ್ನು ಕಾಯತಕ್ಕವರು ಯಾರು ಎಂಬ ಪ್ರಶ್ನೆಯನ್ನು ಈ ಸಂಚಿಕೆಯ ವಾಚಕರ ಮುಂದೆ, ವಿಶೇಷವಾಗಿ ನಮ್ಮ ಕನ್ನಡ ಸಾಲೆಗಳ ವಿದ್ಯಾರ್ಥಿಗಳ ಮತ್ತು ಅವರ ತಾಯಿತಂದೆಗಳ ಮುಂದೆ, ಇಡಬೇಕೆಂದು ನಾವು ಬಯಸಿದ್ದೇವೆ.

ನಮ್ಮಲ್ಲಿ ಮಗುವನ್ನು ಕನ್ನಡ ಸಾಲೆಗೆ ಹಚ್ಚುವ ಹಿರಿಯರ ಮನಸ್ಸಿನಲ್ಲಿ ಒಂದು ಅಳುಕು ಇದ್ದೇ ಇರುತ್ತದೆ. ಕಚೇರಿಯ ಭಾಷೆ ಮರಾಠಿ, ಮೇಲಿನ ವಿದ್ಯೆಯ ಭಾಷೆ ಇಂಗ್ಲಿಷು. ಇವೆರಡರ ನಡುವೆ ಕನ್ನಡ ಕಲಿತ ಹುಡುಗನ ಅಥವಾ ಹುಡುಗಿಯ ಹೊಟ್ಟೆಪಾಡಿಗೆ ದಾರಿ ಯಾವುದು? ಈ ಅಳುಕು ಅಕಾರಣವಾದುದೆಂದು ನಾವು ಹೇಳಲಾರೆವು. ಆದರೆ ನಮ್ಮ ಮಕ್ಕಳ ಕನ್ನಡವು ಹೊರೆಯಾಗದೆ ಬಂಡವಾಳವೇ ಆಗುವ ಒಂದು ವಿದ್ಯೆ ಇದೆ. ಅದು ಪುರಾತತ್ತ್ವ, ಶಾಸನಶಾಸ್ತ್ರ ಮತ್ತು ಪ್ರಾಚೀನ ಸ್ಮಾರಕಗಳ ಸಂರಕ್ಷಣೆ.

ನಮ್ಮ ನೆಲದಲ್ಲಿರುವುದೇನು?

ಹಂಪೆ, ಐಹೊಳೆ, ಬಾದಾಮಿ, ವೇರೂಳ, ಅಜಂತೆ ಎಂದು ನಾವು ದೂರದ ಹೆಸರುಗಳನ್ನು ಹೇಳಿ ಕೈಮುಗಿಯುತ್ತೇವೆ, ಕಾಲಬುಡದಲ್ಲಿರುವುದನ್ನು ಕಾಣುವುದಿಲ್ಲ. ಮಾನ್ಯಖೇಟದಿಂದ ಆಳಿದ ರಾಷ್ಟ್ರಕೂಟರೂ, ಅವರ ಬಳಿಕ ಸವದತ್ತಿಯ ರಟ್ಟರೂ ತಮ್ಮನ್ನು 'ಲಟ್ಟಲೂರಪುರವರಾಧೀಶ್ವರ'ರೆಂದು ಕರೆದುಕೊಂಡರು. ಆ ಲಟ್ಟಲೂರೇ ನಮ್ಮ ಲಾತೂರೆಂದು ವಿದ್ವಾಂಸರು ಗುರುತಿಸಿದ್ದಾರೆ. ಕನ್ನಡದ ಮೊದಲ ಲಕ್ಷಣಗ್ರಂಥವಾದ 'ಕವಿರಾಜಮಾರ್ಗ'ವು ಕನ್ನಡನಾಡನ್ನು ಕಾವೇರಿ ಗೋದಾವರಿಗಳ ನಡುವಣ ದೇಶವೆಂದು ಹೇಳಿದುದು ಈ ರಾಷ್ಟ್ರಕೂಟರ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ. ಹನ್ನೊಂದನೆಯ ಶತಮಾನದ ನಡುವಿನಲ್ಲಿ ಒಂದನೆಯ ಸೋಮೇಶ್ವರನು ರಾಜಧಾನಿಯಾಗಿ ಮಾಡಿಕೊಂಡ ಕಲ್ಯಾಣವು, ಅಂದರೆ ಇಂದಿನ ಬಸವಕಲ್ಯಾಣವು, ಉಮರ್ಗೆಗೆ ನೆರೆಯ ಊರು. ಅಂದು ನಮ್ಮ ನಾಡು ಗಡಿಯಾಗಿರಲಿಲ್ಲ, ರಾಜಧಾನಿಯ ಅಂಗಳವಾಗಿತ್ತು ಎಂದರೆ ಅತ್ಯುಕ್ತಿಯಾಗದು.

ಆ ಕಾಲದ ಶಿಲ್ಪದ ಕುರುಹುಗಳು ನಮ್ಮಲ್ಲಿ ಇನ್ನೂ ಉಳಿದಿವೆ. ನಿಲಂಗೆಯ ನೀಲಕಂಠೇಶ್ವರ ದೇವಾಲಯವು ಮೂರು ಗರ್ಭಗೃಹಗಳುಳ್ಳ ತ್ರಿಕೂಟ. ಉಮರ್ಗೆಯ ಮಹಾದೇವ ದೇವಾಲಯವೂ ಅದೇ ಚಾಲುಕ್ಯ ಪರಂಪರೆಯ ಕಟ್ಟಡ. ನಮ್ಮ ಭಾಗದಲ್ಲಿ ಹಳೆಯ ಕಲ್ಲುಗುಡಿಯೊಂದು ಕಂಡರೆ ಜನರು ಅದನ್ನು 'ಹೇಮಾಡಪಂತಿ' ಎಂದುಬಿಡುವುದು ರೂಢಿ. ಹೇಮಾದ್ರಿ ಪಂಡಿತನು ದೇವಗಿರಿಯ ಯಾದವರಾದ ಮಹಾದೇವ, ರಾಮಚಂದ್ರರ ಮಂತ್ರಿ. ಅವನ ಕಾಲ ಹದಿಮೂರನೆಯ ಶತಮಾನದ ಉತ್ತರಾರ್ಧ. ಕಲ್ಯಾಣದ ಚಾಲುಕ್ಯರ ಕಾಲದ ಗುಡಿಗಳು ಅವನಿಗಿಂತ ನೂರಿನ್ನೂರು ವರ್ಷ ಹಿರಿಯವು. ಹುಟ್ಟುವ ಮೊದಲೇ ಒಬ್ಬನು ಗುಡಿ ಕಟ್ಟಿಸಲಾರನಷ್ಟೆ! ಕಂಬದ ಕಡೆತ, ಬಾಗಿಲವಾಡದ ಶಿಲ್ಪ, ತಳಪಾದಿಯ ಪಟ್ಟಿಕೆಗಳು, ಶಾಸನದ ಅಕ್ಷರ ಇವುಗಳನ್ನು ನೋಡಿ ಕಾಲನಿರ್ಣಯ ಮಾಡುವ ವಿದ್ಯೆಯನ್ನು ನಮ್ಮ ಹುಡುಗರು ಕಲಿತಾಗ ಇಂತಹ ರೂಢಿಯ ಮಾತುಗಳು ತಾವಾಗಿಯೇ ತಿದ್ದಿಕೊಳ್ಳುತ್ತವೆ.

ಔಸಾ ತಾಲೂಕಿನ ಖರೋಸೆಯಲ್ಲಿ ಬೆಟ್ಟವನ್ನು ಕೊರೆದು ಮಾಡಿದ ಗುಹಾದೇವಾಲಯಗಳಿವೆ. ೧೮೭೫-೭೬ರಲ್ಲಿ ಜೇಮ್ಸ್ ಬರ್ಜೆಸನು ನಿಜಾಮರ ಸೀಮೆಯಲ್ಲಿ ಸಂಚರಿಸಿ ಇವನ್ನೂ ಧಾರಾಶಿವದ ಗುಹೆಗಳನ್ನೂ ಪರಿಶೀಲಿಸಿ ೧೮೭೮ರಲ್ಲಿ ವರದಿಯನ್ನು ಪ್ರಕಟಿಸಿದನು. ನಳದುರ್ಗದಲ್ಲಿ ಬೋರಿ ನದಿಗೆ ಅಡ್ಡಲಾಗಿ ಕೋಟೆಯೊಳಗೇ ಕಟ್ಟೆಯನ್ನು ಕಟ್ಟಿ, ಆ ಕಟ್ಟೆಯ ಒಡಲಿನಲ್ಲಿ ಪಾಣಿಮಹಲೆಂಬ ತಂಪಿನ ಮನೆಯನ್ನು ರಚಿಸಿದ್ದಾರೆ. ಮಳೆಗಾಲದಲ್ಲಿ ನೀರು ನೆತ್ತಿಯ ಮೇಲಿಂದ ಧುಮುಕುತ್ತಿದ್ದರೂ ಒಳಗೆ ನಿಂತವನು ನೆನೆಯುವುದಿಲ್ಲ. ವಿಜಾಪುರದ ಎರಡನೆಯ ಇಬ್ರಾಹಿಮ ಆದಿಲಶಹನ ಕಾಲದ ಈ ಕೆಲಸವು ಜಲಶಿಲ್ಪದ ವಿದ್ಯಾರ್ಥಿಗೆ ಒಂದು ಪಾಠಶಾಲೆಯೇ ಸರಿ.

ಉದಗೀರದ ಕೋಟೆಯ ವಿಷಯವನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಉದಯಗಿರಿ ಎಂಬ ಋಷಿಯಿಂದ ಊರಿಗೆ ಹೆಸರು ಬಂದಿತೆಂದು ಪ್ರತೀತಿ. ಆತನ ಸ್ಥಾನವು ಕೋಟೆಯೊಳಗೇ ಇದೆ. ಬಹಮನಿ ಸುಲ್ತಾನರ ತರುವಾಯ ಬೀದರದ ಬರೀದಶಾಹಿಗಳೂ, ೧೬೩೬ರಲ್ಲಿ ಷಾಹಜಹಾನನ ಸೇನೆಯೂ ಈ ಕೋಟೆಯನ್ನು ಹಿಡಿದವು. ೧೭೬೦ರ ಫೆಬ್ರುವರಿಯಲ್ಲಿ ಸದಾಶಿವರಾವ ಭಾವೂನ ನಾಯಕತ್ವದ ಮರಾಠರು ಈ ಬಯಲಿನಲ್ಲಿ ನಿಜಾಮನನ್ನು ಸೋಲಿಸಿದರು. ಅದೇ ಭಾವೂ ಮುಂದಿನ ವರ್ಷ ಜನವರಿಯಲ್ಲಿ ಪಾನಿಪತದ ರಣದಲ್ಲಿ ಮಡಿದನು. ಋಷಿಯ ಸ್ಥಾನ, ಪಾರಸಿ ಶಾಸನಗಳು, ಮರಾಠರ ವಿಜಯ ಇವೆಲ್ಲವೂ ಒಂದೇ ಕೋಟೆಯ ಗೋಡೆಗಳೊಳಗೆ ಮತ್ತು ಅದರ ನೆರಳಿನಲ್ಲಿ ಸೇರಿಕೊಂಡಿವೆ. ಇಂತಹ ನೆಲದ ಇತಿಹಾಸವನ್ನು ಒಂದೇ ಭಾಷೆ ಬಲ್ಲವನು ಬರೆಯಲಾರ.

ಎಲ್ಲಕ್ಕಿಂತ ಪ್ರಾಚೀನವಾದುದು ಧಾರಾಶಿವ ಜಿಲ್ಲೆಯ ತೇರ. ಕ್ರಿಸ್ತಶಕದ ಮೊದಲನೆಯ ಶತಮಾನದಲ್ಲಿ ಗ್ರೀಕ ನಾವಿಕನೊಬ್ಬನು ಬರೆದ 'ಪೆರಿಪ್ಲಸ'ದಲ್ಲಿ, ಪೈಠಣದಿಂದ ಪೂರ್ವಕ್ಕೆ ಹತ್ತು ದಿನದ ಹಾದಿಯಲ್ಲಿ 'ತಗರ' ಎಂಬ ದೊಡ್ಡ ಪಟ್ಟಣವಿದೆಯೆಂದೂ, ಅಲ್ಲಿಂದ ಬಗೆಬಗೆಯ ಅರಿವೆಗಳು ಬಂಡಿಗಳ ಮೇಲೆ ಭರುಕಚ್ಛದ ಬಂದರಕ್ಕೆ ಬರುತ್ತವೆಯೆಂದೂ ಇದೆ. ಆ ತಗರವೇ ತೇರವೆಂದು ೧೯೦೧ರಲ್ಲಿ ಜೆ. ಎಫ್. ಫ್ಲೀಟರು ತೋರಿಸಿಕೊಟ್ಟರು. ಅಲ್ಲಿ ದೊರೆತ ದಂತದ ಸ್ತ್ರೀಪ್ರತಿಮೆಯನ್ನು ಹೋಲುವ ಇನ್ನೊಂದು ಪ್ರತಿಮೆ ಸಿಕ್ಕಿರುವುದು ಇಟಲಿ ದೇಶದ ಪಾಂಪೆಯಲ್ಲಿ. ಆ ಪಟ್ಟಣವು ಕ್ರಿ. ಶ. ೭೯ರಲ್ಲಿ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಯಿತು. ನಮ್ಮ ಕರಿಮಣ್ಣಿನ ಹೊಲಗಳಿಗೂ ರೋಮದ ಮನೆಗಳಿಗೂ ಇದ್ದ ನಂಟನ್ನು ಹೇಳಲು ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಶಿಲಾಶಾಸನಗಳ ಭಾಷೆ

ಈಗ ನಮ್ಮ ಮುಖ್ಯ ವಿಷಯಕ್ಕೆ ಬರುತ್ತೇವೆ. ಮರಾಠವಾಡಾ ಮತ್ತು ಸೊಲ್ಲಾಪುರ ಭಾಗಗಳಲ್ಲಿ ರಾಷ್ಟ್ರಕೂಟರ, ಚಾಲುಕ್ಯರ ಶಿಲಾಶಾಸನಗಳು ಹೇರಳವಾಗಿ ಕನ್ನಡದಲ್ಲಿವೆ. ದೇವಗಿರಿಯ ಯಾದವರ ಕಾಲದಲ್ಲಿಯೂ ಕನ್ನಡ ಶಾಸನಗಳು ನಿಲ್ಲಲಿಲ್ಲ. ನಾಂದೇಡ ಜಿಲ್ಲೆಯ ಶಾಸನಗಳನ್ನು ಡಾ. ಶ್ರೀನಿವಾಸ ರಿತ್ತಿಯವರೂ ಜಿ. ಸಿ. ಶೇಳಕೆಯವರೂ ಕೂಡಿ ೧೯೬೮ರಲ್ಲಿ ಪ್ರಕಟಿಸಿದರು. ಉದಗೀರದ ನೆರೆಯ ದೇಗಲೂರ ತಾಲೂಕಿನ ಹೊಟ್ಟಲ, ತಡಖೇಲಗಳ ಕನ್ನಡ ಶಾಸನಗಳು ಅದರಲ್ಲಿ ಬಂದಿವೆ. ರಿತ್ತಿಯವರೇ ಆನಂದ ಕುಂಭಾರರೊಡನೆ ಸೊಲ್ಲಾಪುರ ಜಿಲ್ಲೆಯ ಶಾಸನಗಳನ್ನು ೧೯೮೮ರಲ್ಲಿ ಹೊರತಂದರು. ಹೈದರಾಬಾದ ರಾಜ್ಯದ ಕನ್ನಡ ಜಿಲ್ಲೆಗಳ ಶಾಸನಗಳನ್ನು ಡಾ. ಪಿ. ಬಿ. ದೇಸಾಯಿಯವರು ಸಂಪಾದಿಸಿದರು, ಆ ಗ್ರಂಥವು ೧೯೫೮ರಲ್ಲಿ ಪ್ರಕಟವಾಗುವಷ್ಟರಲ್ಲಿ ಆ ರಾಜ್ಯವೇ ಅಳಿದು ಎರಡು ವರ್ಷಗಳಾಗಿದ್ದವು. ರಾಜ್ಯ ಹೋಯಿತು, ಶಾಸನ ಉಳಿಯಿತು.

ಇದನ್ನು ನಾವು ಭಾಷಾಭಿಮಾನದ ಕಾದಾಟಕ್ಕಾಗಿ ಹೇಳುತ್ತಿಲ್ಲ. ಶ್ರವಣಬೆಳಗೊಳದಲ್ಲಿ ಗೊಮ್ಮಟನ ಪಾದದ ಬಳಿ ಮರಾಠಿಯ ಅಕ್ಷರಗಳಿವೆ. ಅದರಿಂದ ಕನ್ನಡನಾಡಿಗೆ ಕುಂದು ಬರಲಿಲ್ಲ. ಅಂತೆಯೇ ಮರಾಠವಾಡೆಯ ಗುಡಿಯಲ್ಲಿ ಕನ್ನಡ ಶಾಸನವಿದ್ದರೆ ಮರಾಠಿಗೆ ಕುಂದಿಲ್ಲ. ಸೊಲ್ಲಾಪುರ ಜಿಲ್ಲೆಯಲ್ಲಿ ಭೀಮಾ ಸೀನಾ ನದಿಗಳು ಕೂಡುವ ಹತ್ತರಸಂಗ ಕೂಡಲದಲ್ಲಿ ಶಾಲಿವಾಹನ ಶಕ ೯೪೦ರ, ಅಂದರೆ ಕ್ರಿ. ಶ. ೧೦೧೮ರ ಒಂದು ಬರಹವಿದೆ. ಮರಾಠಿಯ ಅತಿಪ್ರಾಚೀನ ಬರಹಗಳಲ್ಲಿ ಇದೊಂದು. ಇದನ್ನು ಬೆಳಕಿಗೆ ತಂದವರು ಕನ್ನಡ ಶಾಸನಗಳ ಬೆನ್ನುಹತ್ತಿ ಅಲೆದ ಅದೇ ಆನಂದ ಕುಂಭಾರರು! ಕನ್ನಡ ಬಲ್ಲವನಿಂದ ಮರಾಠಿಗೆ ಸೇವೆಯಾಯಿತು. ಗಡಿನಾಡಿನ ವಿದ್ವತ್ತೆಂದರೆ ಹೀಗಿರಬೇಕು.

ಇಂದು ಈ ಕ್ಷೇತ್ರದ ಕೊರತೆ ಏನೆಂಬುದನ್ನು ಯೋಚಿಸಬೇಕು. ಧಾರವಾಡ, ಮೈಸೂರಿನಲ್ಲಿ ಕಲಿತ ವಿದ್ವಾಂಸನಿಗೆ ಹಳಗನ್ನಡ ಬರುತ್ತದೆ. ಆದರೆ ಉಮರ್ಗಾ ತಾಲೂಕಿನ ಯಾವ ಹಳ್ಳಿಯ ಯಾವ ಹೊಲದ ಬದುವಿನಲ್ಲಿ ಕಲ್ಲು ಬಿದ್ದಿದೆಯೆಂದು ಅವನಿಗೆ ತಿಳಿಯದು. ಊರ ಪಾಟೀಲನಿಗೆ ಕಲ್ಲು ಗೊತ್ತು, ಅದರ ಲಿಪಿ ಗೊತ್ತಿಲ್ಲ. ಪುಣೆಯಲ್ಲಿ ಕಲಿತವನಿಗೆ ಮೋಡಿ ಬರುತ್ತದೆ, ಕನ್ನಡ ಬಾರದು. ಆದರೆ ನಮ್ಮ ಮನೆಗಳ ಮಗುವನ್ನು ನೋಡಿರಿ. ಅಡಿಗೆಮನೆಯಲ್ಲಿ ಕನ್ನಡ, ಬಜಾರದಲ್ಲಿ ಮರಾಠಿ, ಓಣಿಯ ಗೆಳೆಯರೊಡನೆ ದಖನಿ, ಸಾಲೆಯಲ್ಲಿ ಹಿಂದಿ ಇಂಗ್ಲಿಷು. ಹತ್ತು ವರ್ಷ ತುಂಬುವುದರೊಳಗೆ ಐದು ಭಾಷೆಗಳು ಅದರ ನಾಲಗೆಯ ಮೇಲೆ ಆಡುತ್ತವೆ. ನಾವು ಯಾವುದನ್ನು ಗಡಿನಾಡಿನ ತೊಡಕೆಂದು ಕೊರಗುತ್ತೇವೆಯೋ ಅದೇ ಈ ವಿದ್ಯೆಗೆ ಬೇಕಾದ ಮೊದಲ ಯೋಗ್ಯತೆ.

ಹನ್ನೊಂದು ಹನ್ನೆರಡನೆಯ ಶತಮಾನಗಳ ಕನ್ನಡ ಲಿಪಿಯು ಇಂದಿನ ನಮ್ಮ ದುಂಡಕ್ಷರದ ಅಜ್ಜ. ಕನ್ನಡ ಓದಬಲ್ಲ ವಿದ್ಯಾರ್ಥಿಗೆ ಅದರ ಹಲವು ಅಕ್ಷರಗಳು ಮೊದಲ ನೋಟದಲ್ಲಿಯೇ ಪರಿಚಿತವಾಗಿ ಕಾಣುತ್ತವೆ. ಉಳಿದವು ಅಭ್ಯಾಸದಿಂದ ಬರುತ್ತವೆ. ಕಾಲಗಣನೆಯೂ ಕಠಿಣವಲ್ಲ. ಶಾಲಿವಾಹನ ಶಕಕ್ಕೆ ೭೮ ಕೂಡಿಸಿದರೆ ಕ್ರಿಸ್ತಶಕ ಬರುತ್ತದೆ. ಆರನೆಯ ವಿಕ್ರಮಾದಿತ್ಯನು ೧೦೭೬ರಲ್ಲಿ ಪಟ್ಟವೇರಿ ತನ್ನ ಹೆಸರಿನ ಹೊಸ ಶಕವನ್ನು ಆರಂಭಿಸಿದನು. ಆದುದರಿಂದ ಚಾಲುಕ್ಯ ವಿಕ್ರಮವರ್ಷಕ್ಕೆ ೧೦೭೫ ಕೂಡಿಸಬೇಕು. ವಿಕ್ರಮವರ್ಷ ೧೦ ಎಂದು ಕಲ್ಲಿನಲ್ಲಿದ್ದರೆ ಅದು ೧೦೮೫ರಲ್ಲಿ ತೊಡಗಿದ ವರ್ಷ. ಏಳನೆಯ ಇಯತ್ತೆಯ ಹುಡುಗಿಯೂ ಮಾಡಬಹುದಾದ ಲೆಕ್ಕವಿದು.

ಶಾಸನಗಳಲ್ಲಿ ಅರಸರ ಹೊಗಳಿಕೆಯ ಹೊರತು ಬೇರೇನಿದೆ ಎಂದು ಕೇಳುವವರುಂಟು. ಇಷ್ಟು ಮತ್ತರು ಭೂಮಿ, ಇಂತಹ ಗಾಣದ ಎಣ್ಣೆ, ಇಂತಹ ಕೆರೆಯ ದುರಸ್ತಿ, ಸಂತೆಯ ಸುಂಕ, ಒಕ್ಕಲಿಗರು, ಸೆಟ್ಟಿಗಳು, ತೆಲ್ಲಿಗರು, ಹೀಗೆ ಜನಜೀವನವೆಲ್ಲ ಅದರಲ್ಲಿದೆ. ಕಲಬುರ್ಗಿ ಜಿಲ್ಲೆಯ ಚಿತ್ತಾಪುರದ ಬಳಿಯ ನಾಗಾವಿಯ ೧೦೫೮ರ ಶಾಸನವು ಅಲ್ಲಿಯ ಘಟಿಕಾಸ್ಥಾನದಲ್ಲಿ ಇನ್ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳ ಊಟ ವಸತಿಗೂ, ಉಪಾಧ್ಯಾಯರಿಗೂ, ಪುಸ್ತಕಗಳನ್ನು ಕಾಯುವ ಆರು ಮಂದಿ ಸರಸ್ವತೀಭಂಡಾರಿಗರಿಗೂ ಮಾಡಿದ ಏರ್ಪಾಟನ್ನು ಹೇಳುತ್ತದೆ. ಸಾವಿರ ವರ್ಷಗಳ ಹಿಂದೆ ನಮ್ಮ ಸೀಮೆಯ ಒಂದು ವಿದ್ಯಾಲಯದಲ್ಲಿ ಆರು ಜನ ಗ್ರಂಥಪಾಲಕರು! ಇಂದು ನಮ್ಮ ಎಷ್ಟು ಸಾಲೆಗಳಲ್ಲಿ ಒಬ್ಬನಿದ್ದಾನೆ?

ದಾರಿ ತೋರಿದವರು

ಈ ವಿದ್ಯೆಯನ್ನು ಬೆಳೆಸಿದವರೆಲ್ಲರೂ ದೊಡ್ಡ ಪದವಿಗಳನ್ನು ಹೊತ್ತು ಬಂದವರಲ್ಲ. ಫ್ಲೀಟರು ಕಂದಾಯ ಖಾತೆಯ ಅಧಿಕಾರಿಯಾಗಿದ್ದು ಶಾಸನಗಳನ್ನು ಓದಿದರು. ೧೮೮೩ರಲ್ಲಿ ಸರಕಾರದ ಮೊದಲ ಶಾಸನತಜ್ಞರಾದರು. ಮೆಡೋಸ್ ಟೇಲರನು ಸುರಪುರದಲ್ಲಿ ಅಧಿಕಾರಿಯಾಗಿದ್ದಾಗ ಅಲ್ಲಿಯ ಪ್ರಾಚೀನ ಕಲ್ಗೋರಿಗಳನ್ನು ಅಗೆಯಿಸಿ, ಮಣ್ಣಿನ ಪದರುಗಳ ನಕ್ಷೆಗಳನ್ನು ಬರೆದಿಟ್ಟನು. ೧೮೫೩ರಲ್ಲಿ ನಳದುರ್ಗಕ್ಕೆ ಬಂದು ಕೆಲವು ವರ್ಷ ಈ ಭಾಗದ ಆಡಳಿತ ನೋಡಿದನು. ೧೯೧೫ರಲ್ಲಿ ಮಸ್ಕಿಯ ಬೆಟ್ಟದಲ್ಲಿ ಅಶೋಕನ ಶಾಸನವನ್ನು ಕಂಡವನು ಚಿನ್ನದ ಗಣಿಯ ಇಂಜಿನಿಯರನಾದ ಬೀಡನನು. ದೇವಾನಾಂಪ್ರಿಯನೆಂದರೆ ಅಶೋಕನೇ ಎಂಬುದು ಆ ಶಾಸನದಿಂದ ಸಂಶಯವಿಲ್ಲದೆ ನಿಶ್ಚಯವಾಯಿತು.

ಪರದೇಶದವರ ಮಾತು ಹಾಗಿರಲಿ. ತೇರಿನ ರಾಮಲಿಂಗಪ್ಪ ಲಾಮತುರೆಯವರು ಪುರಾತತ್ತ್ವ ಇಲಾಖೆಯ ನೌಕರರಾಗಿರಲಿಲ್ಲ. ತಮ್ಮ ಊರಿನ ಮಣ್ಣಿನಲ್ಲಿ ದೊರೆಯುತ್ತಿದ್ದ ನಾಣ್ಯ, ಮಣಿ, ಸುಟ್ಟಮಣ್ಣಿನ ಗೊಂಬೆ, ಶಂಖದ ಬಳೆ, ಗಡಿಗೆಯ ಚೂರು ಎಲ್ಲವನ್ನೂ ಕಸವೆಂದು ತುಳಿಯದೆ ಆರಿಸಿ ಕೂಡಿಟ್ಟರು. ಅವರು ಕೂಡಿಸಿದ ಸಾವಿರಾರು ವಸ್ತುಗಳೇ ಇಂದು ತೇರಿನಲ್ಲಿ ಅವರ ಹೆಸರಿನಿಂದ ನಡೆಯುವ ಸರಕಾರಿ ವಸ್ತುಸಂಗ್ರಹಾಲಯದ ತಳಹದಿ. ಒಬ್ಬ ಹಳ್ಳಿಗನ ಶ್ರದ್ಧೆಯಿಂದ ಒಂದು ಊರಿನ ಎರಡು ಸಾವಿರ ವರ್ಷಗಳು ಉಳಿದವು. ಅವರಿಗೆ ಸಿಗದಿದ್ದ ಶಾಸ್ತ್ರೀಯ ಶಿಕ್ಷಣದ ಅನುಕೂಲ ಇಂದಿನ ನಮ್ಮ ಮಕ್ಕಳಿಗೆ ಇದೆ.

ಹಾಳಾಗುವ ಬಗೆ

ಪ್ರಾಚೀನಾವಶೇಷಗಳು ಶತ್ರುಗಳಿಂದ ಹಾಳಾದುದಕ್ಕಿಂತ ಅಜ್ಞಾನದಿಂದ, ಕೆಲವೊಮ್ಮೆ ಭಕ್ತಿಯಿಂದಲೇ ಹೆಚ್ಚು ಹಾಳಾಗಿವೆ. ಶಾಸನದ ಕಲ್ಲು ಬಾವಿಯ ಕಟ್ಟೆಗೆ ಹೋಗುತ್ತದೆ. ಅರಿವೆ ಒಗೆಯುವ ಬಂಡೆಯಾಗುತ್ತದೆ. ದನದ ಕೊಟ್ಟಿಗೆಯ ಗೂಟವಾಗುತ್ತದೆ. ವೀರಗಲ್ಲಿಗೆ ವರ್ಷವರ್ಷವೂ ಎಣ್ಣೆ, ಶೇಂದೂರ ಬಳಿದು ಬಳಿದು ಅದರ ವೀರನೂ ಕಾಣಿಸುವುದಿಲ್ಲ, ಬರಹವೂ ಕಾಣಿಸುವುದಿಲ್ಲ. ಜೀರ್ಣೋದ್ಧಾರವೆಂಬ ಹೆಸರಿನಲ್ಲಿ ಹಳೆಯ ಕಂಬಗಳಿಗೆ ಎಣ್ಣೆಬಣ್ಣ, ಗೋಡೆಗೆ ಸಿಮೆಂಟು, ನೆಲಕ್ಕೆ ಹೊಳೆಯುವ ಫರಸಿ. ಊರವರು ಹೊಟ್ಟೆ ಕಟ್ಟಿ ವರಗಣಿ ಕೂಡಿಸಿ ದೇವರ ಕೆಲಸವೆಂದೇ ಮಾಡುತ್ತಾರೆ. ಅವರನ್ನು ದೂರಿ ಪ್ರಯೋಜನವಿಲ್ಲ. ತಿಳಿದವನೊಬ್ಬನು ಊರಲ್ಲಿದ್ದು ಹೇಳಿದ್ದರೆ ಕೇಳುತ್ತಿದ್ದರು.

ಭೀಮಾತೀರದ ಸನ್ನತಿಯ ಕಥೆಯನ್ನು ಎಲ್ಲರೂ ತಿಳಿಯಬೇಕು. ಅಲ್ಲಿಯ ಚಂದ್ರಲಾ ಪರಮೇಶ್ವರಿಯ ಗುಡಿಯ ಆವರಣದಲ್ಲಿ ಕಾಳಿಯ ಮೂರ್ತಿಯ ಪೀಠವಾಗಿ ಒಂದು ಚಪ್ಪಡಿ ಇದ್ದಿತು. ಮೂರ್ತಿಯನ್ನು ನಿಲ್ಲಿಸಲೆಂದು ಯಾರೋ ಎಂದೋ ಅದರ ನಡುವೆ ತೂತನ್ನೂ ಕೊರೆದಿದ್ದರು. ೧೯೮೬ರಲ್ಲಿ ಗುಡಿಯ ಮಾಳಿಗೆ ಕುಸಿದು ಪೀಠವನ್ನು ಸರಿಸಿದಾಗ ಅದು ಅಶೋಕಚಕ್ರವರ್ತಿಯ ಧರ್ಮಶಾಸನವೆಂದು ತಿಳಿಯಿತು. ತೂತು ಬಿದ್ದಲ್ಲಿಯ ಅಕ್ಷರಗಳು ಎಂದೆಂದಿಗೂ ಹೋದವು. ಮುಂದೆ ೧೯೯೪ರಿಂದ ಅದರ ಸಮೀಪದ ಕನಗನಹಳ್ಳಿಯಲ್ಲಿ ಉತ್ಖನನ ನಡೆದು ಮಹಾಸ್ತೂಪವೂ, ಹೆಸರು ಬರೆದ ಅಶೋಕನ ಶಿಲ್ಪವೂ ದೊರೆತವು. ನಮ್ಮ ಊರ ಗುಡಿಯ ಯಾವ ಪೀಠದ ಕೆಳಗೆ ಏನಿದೆಯೋ ಬಲ್ಲವರಾರು?

ಇನ್ನು ದೈವದ ಹೊಡೆತ. ೧೯೯೩ರ ಸೆಪ್ಟೆಂಬರ ೩೦ರ ನಸುಕಿನಲ್ಲಿ ಕಿಲ್ಲಾರಿಯ ಭೂಕಂಪವು ಔಸಾ, ಉಮರ್ಗಾ, ನಿಲಂಗಾ ಸೀಮೆಗಳಲ್ಲಿ ಮಾಡಿದ ಪ್ರಳಯವನ್ನು ಈ ಸಂಚಿಕೆಯ ವಾಚಕರಿಗೆ ವರ್ಣಿಸಬೇಕಾದುದಿಲ್ಲ. ಅನೇಕರ ಮನೆಗಳಲ್ಲಿ ಆ ನೋವು ಇನ್ನೂ ಹಸಿಯಾಗಿದೆ. ಕಲ್ಲುಮಣ್ಣಿನ ದಪ್ಪ ಗೋಡೆಗಳು ಮಲಗಿದವರ ಮೇಲೆ ಕುಸಿದು ಸಾವಿರಾರು ಜನರು ಮಡಿದರು. ಐವತ್ತಕ್ಕೂ ಹೆಚ್ಚು ಊರುಗಳನ್ನು ಹೊಸ ಜಾಗಗಳಲ್ಲಿ ಕಟ್ಟಬೇಕಾಯಿತು. ಊರು ಎದ್ದುಹೋದಾಗ ಹಳೆಯ ಗಾಂವಠಾಣದ ಗುಡಿ, ಗದ್ದುಗೆ, ವೀರಗಲ್ಲುಗಳು ನೋಡುವವರಿಲ್ಲದೆ ಹಿಂದುಳಿಯುವುದು ಸಹಜ. ಜೀವ ಉಳಿಸಿಕೊಳ್ಳುವ ಹೊತ್ತಿನಲ್ಲಿ ಕಲ್ಲನ್ನು ಎಣಿಸುವವರಾರು? ಆದರೆ ಆ ಬಳಿಕ ನಡೆದ ಒಂದು ಸಂಶೋಧನೆ ಗಮನಾರ್ಹವಾದುದು. ಭೂವಿಜ್ಞಾನಿಗಳು ತೇರಿನ ಪ್ರಾಚೀನ ಮಣ್ಣಿನ ಪದರುಗಳನ್ನು ಪರೀಕ್ಷಿಸಿ, ಸುಮಾರು ಒಂದೂವರೆ ಸಾವಿರ ವರ್ಷಗಳ ಹಿಂದೆಯೂ ಅಲ್ಲಿ ಬಲವಾದ ಭೂಕಂಪವಾದ ಗುರುತುಗಳಿವೆಯೆಂದು ವರದಿ ಮಾಡಿದರು. ದಖ್ಖಣದ ಈ ನೆಲ ಅಲುಗಾಡುವುದಿಲ್ಲವೆಂದು ನಂಬಿ ನಾವು ಭಾರವಾ��� ಗೋಡೆಗಳ ಕೆಳಗೆ ಮಲಗಿದ್ದೆವು; ನೆಲದೊಳಗಿನ ಪದರುಗಳು ಬೇರೆಯದನ್ನೇ ಬರೆದಿಟ್ಟಿದ್ದವು. ಪುರಾತತ್ತ್ವವು ಸತ್ತವರ ವಿದ್ಯೆಯೆಂದು ಹಳಿಯುವವರಿಗೆ ಇದೇ ಉತ್ತರ. ಹಿಂದಿನದನ್ನು ಓದುವವನು ಇಂದು ಬದುಕಿರುವವರನ್ನೂ ಕಾಪಾಡಬಲ್ಲನು.

ವಿದ್ಯೆಯ ಹಾದಿ

ಹಾಗಾದರೆ ಕಲಿಯುವುದು ಎಲ್ಲಿ? ಹತ್ತನೆಯ, ಹನ್ನೆರಡನೆಯ ಇಯತ್ತೆಗಳಾದ ಬಳಿಕ ಇತಿಹಾಸ, ಕನ್ನಡ, ಸಂಸ್ಕೃತಗಳನ್ನು ಆರಿಸಿಕೊಂಡು ಪದವಿ ಪಡೆದವರು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿಯೂ, ಮೈಸೂರು ವಿಶ್ವವಿದ್ಯಾಲಯದಲ್ಲಿಯೂ, ಹಂಪೆಯ ಕನ್ನಡ ವಿಶ್ವವಿದ್ಯಾಲಯದಲ್ಲಿಯೂ ಪ್ರಾಚೀನ ಇತಿಹಾಸ, ಪುರಾತತ್ತ್ವ, ಶಾಸನಶಾಸ್ತ್ರಗಳನ್ನು ಅಭ್ಯಾಸ ಮಾಡಬಹುದು. ಪುಣೆಯ ಡೆಕ್ಕನ ಕಾಲೇಜು ಈ ವಿದ್ಯೆಗೆ ದೇಶದಲ್ಲಿಯೇ ಹೆಸರಾದುದು. ೧೯೩೯ರಲ್ಲಿ ಅಲ್ಲಿಗೆ ಬಂದ ಹಸಮುಖ ಸಾಂಕಲಿಯಾ ಅವರು ಉತ್ಖನನ ಮಾಡುವವರ ಒಂದು ಪೀಳಿಗೆಯನ್ನೇ ತಯಾರಿಸಿದರು. ಅದೇ ಸಂಸ್ಥೆಯ ಕೆ. ಪದ್ದಯ್ಯನವರು ಸುರಪುರ ಸೀಮೆಯ ಹುಣಸಗಿ ಬಯಲಿನಲ್ಲಿ ಹಲವು ದಶಕ ದುಡಿದು ಲಕ್ಷಾಂತರ ವರ್ಷಗಳ ಹಿಂದಿನ ಶಿಲಾಯುಗದ ಮಾನವನ ನೆಲೆಗಳನ್ನು ಬೆಳಕಿಗೆ ತಂದರು. ಸ್ನಾತಕೋತ್ತರ ಪದವಿಯ ಮೇಲೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯವರ ಪುರಾತತ್ತ್ವ ಸಂಸ್ಥೆಯಲ್ಲಿ ಎರಡು ವರ್ಷಗಳ ಡಿಪ್ಲೊಮಾ ಶಿಕ್ಷಣವೂ ಇದೆ.

ಆ ಇಲಾಖೆಯ ಶಾಸನ ವಿಭಾಗದ ಮುಖ್ಯ ಕಚೇರಿ ಇರುವುದು ಮೈಸೂರಿನಲ್ಲಿ. ಅರಬ್ಬೀ ಪಾರಸಿ ಶಾಸನಗಳ ಕಚೇರಿ ನಾಗಪುರದಲ್ಲಿ. ಉದಗೀರದ ಉರ್ದು ಬಲ್ಲ ಹುಡುಗನು ನಾಗಪುರದ ದಾರಿಯನ್ನೂ, ಉಮರ್ಗೆಯ ಕನ್ನಡ ಬಲ್ಲ ಹುಡುಗಿಯು ಮೈಸೂರಿನ ದಾರಿಯನ್ನೂ ಹಿಡಿಯಬಹುದು. ವಿಜ್ಞಾನದ ವಿದ್ಯಾರ್ಥಿಗಳಿಗೂ ಇಲ್ಲಿ ಎಡೆಯಿದೆ. ಕಲ್ಲು, ಲೋಹ, ತಾಳೆಗರಿಗಳು ಸವೆಯದಂತೆ ಕಾಪಾಡಲು ರಸಾಯನಶಾಸ್ತ್ರ ಬೇಕು. ಉತ್ಖನನದಲ್ಲಿ ಸಿಕ್ಕ ಸುಟ್ಟ ಕಾಳುಗಳನ್ನು ಗುರುತಿಸಲು ಸಸ್ಯಶಾಸ್ತ್ರ ಬೇಕು. ಮುರಿದ ಕಮಾನನ್ನು ಹಳೆಯ ಗಾರೆಯಲ್ಲಿಯೇ ನಿಲ್ಲಿಸಲು ಇಂಜಿನಿಯರನ ಲೆಕ್ಕವೂ ಗವಂಡಿಯ ಕೈಯೂ ಬೇಕು.

ಸತ್ಯವನ್ನು ಮರೆಮಾಚಬಾರದು. ಈ ಖಾತೆಯಲ್ಲಿ ಹುದ್ದೆಗಳು ಕಡಿಮೆ, ಪರೀಕ್ಷೆಗಳು ಬಿಗಿ, ಕಾಯುವ ಕಾಲ ದೀರ್ಘ. ಬಿಸಿಲಿನಲ್ಲಿ ಬ್ರಶ್ಶು ಹಿಡಿದು ಅಂಗುಲ ಅಂಗುಲ ಮಣ್ಣು ಸರಿಸುವ ಕೆಲಸದಲ್ಲಿ ಐಶ್ವರ್ಯವಿಲ್ಲ. ಅದಕ್ಕಾಗಿ ಎಲ್ಲ ಮಕ್ಕಳೂ ಇದನ್ನೇ ಹಿಡಿಯಬೇಕೆಂದು ನಾವು ಹೇಳುತ್ತಿಲ್ಲ. ನೂರರಲ್ಲಿ ಇಬ್ಬರು ಹಿಡಿಯಲಿ. ಉಳಿದವರು ಶಿಕ್ಷಕರಾಗಲಿ, ತಲಾಠಿಗಳಾಗಲಿ, ಒಕ್ಕಲುತನ ಮಾಡಲಿ. ಆದರೆ ಶಾಸನವನ್ನು ಕಂಡರೆ ಶಾಸನವೆಂದು ಗುರುತಿಸುವಷ್ಟು ತಿಳಿವಳಿಕೆ ಅವರಿಗಿರಲಿ. ಊರ ಶಿಕ್ಷಕನೊಬ್ಬನಿಗೆ ಈ ಕಣ್ಣು ಇದ್ದರೆ ಅದು ಒಂದು ಇಲಾಖೆಗೆ ಸಮಾನ.

ನಮ್ಮ ಕರ್ತವ್ಯ

ಸಾಲೆಯ ಬಾಲಕರು ಇಂದಿನಿಂದಲೇ ಮಾಡಬಹುದಾದ ಕೆಲಸ ಬಹಳವಿದೆ. ಕಲ್ಲಿನ ತಲೆಯ ಮೇಲೆ ಸೂರ್ಯ, ಚಂದ್ರ, ಲಿಂಗ, ಹಸು ಕರುಗಳ ಚಿತ್ರವಿದ್ದು ಕೆಳಗೆ ಸಾಲುಗೆರೆಗಳಿದ್ದರೆ ಅದು ದಾನಶಾಸನ. ಅಂತಹುದನ್ನು ಕಂಡೊಡನೆ ಅದು ಯಾವ ಊರಿನಲ್ಲಿ, ಯಾರ ಹೊಲದಲ್ಲಿ, ಯಾವ ದಿಕ್ಕಿಗೆ ಮುಖಮಾಡಿ ನಿಂತಿದೆ ಎಂದು ವಹಿಯಲ್ಲಿ ಬರೆದುಕೊಳ್ಳಬೇಕು. ಮುಂಜಾನೆ ಅಥವಾ ಸಂಜೆ ಬಿಸಿಲು ಓರೆಯಾಗಿ ಬೀಳುವಾಗ ಅಕ್ಷರಗಳು ಎದ್ದು ಕಾಣುತ್ತವೆ. ಆಗ ಮೊಬೈಲಿನಿಂದ ಚಿತ್ರ ತೆಗೆಯಬೇಕು. ಮೊಳೆಯಿಂದ ಕೆರೆಯಬಾರದು, ಬಣ್ಣ ತುಂಬಬಾರದು, ಇದ್ದ ಜಾಗದಿಂದ ಕದಲಿಸಬಾರದು. ಪಡಿಯಚ್ಚು ತೆಗೆಯುವುದನ್ನು ತಿಳಿದವರಿಂದ ಕಲಿಯಬೇಕು. ಕಲ್ಲನ್ನು ನೀರಿನಿಂದ ತೊಳೆದು, ನೆನೆಸಿದ ಕಾಗದವನ್ನು ಹೊದಿಸಿ, ಬ್ರಶ್ಶಿನಿಂದ ಮೆಲ್ಲನೆ ಬಡಿದು ಅಕ್ಷರದ ತಗ್ಗಿನೊಳಗೆ ಕೂಡಿಸಿ, ಮಸಿಯ ಉಂಡೆಯನ್ನು ಒತ್ತುತ್ತ ಹೋದರೆ ಕಪ್ಪು ಹಾಳೆಯ ಮೇಲೆ ಅಕ್ಷರಗಳು ಬೆಳ್ಳಗೆ ಮೂಡುತ್ತವೆ. ಹಾಗೆ ಮೂಡುವುದನ್ನು ಒಮ್ಮೆ ಕಂಡ ಮಗುವು ಆ ಸೊಗಸನ್ನು ಮರೆಯಲಾರದು.

ರೈತಬಂಧುಗಳು ನೇಗಿಲ ಮೊನೆಗೆ ನಾಣ್ಯವೋ ತಾಮ್ರದ ಹಲಗೆಯೋ ಸಿಕ್ಕರೆ ಅದನ್ನು ಕರಗಿಸಬಾರದು, ಮಾರಬಾರದು. ೧೮೭೮ರ ನಿಧಿ ಕಾನೂನಿನ ಪ್ರಕಾರ ಹತ್ತು ರೂಪಾಯಿಗೆ ಮೀರಿದ ನಿಧಿಯ ಸುದ್ದಿಯನ್ನು ಕಲೆಕ್ಟರರಿಗೆ ತಿಳಿಸಬೇಕಾದುದು ಕರ್ತವ್ಯ. ತಿಳಿಸಿದವನ ಹಕ್ಕನ್ನೂ ಆ ಕಾನೂನು ಕಾಯುತ್ತದೆ. ತಾಮ್ರಶಾಸನವನ್ನು ಕರಗಿಸಿದರೆ ಬರುವುದು ಒಂದು ತಂಬಿಗೆಯ ಬೆಲೆ. ಹೋಗುವುದು ಒಂದು ರಾಜವಂಶದ ಕಥೆ. ನಮ್ಮ ಸಂವಿಧಾನವು ೪೯ನೆಯ ಅನುಚ್ಛೇದದಲ್ಲಿ ರಾಷ್ಟ್ರೀಯ ಸ್ಮಾರಕಗಳ ರಕ್ಷಣೆಯನ್ನು ಸರಕಾರಕ್ಕೆ ವಹಿಸಿತು. ೧೯೭೬ರಲ್ಲಿ ಸೇರಿದ ಮೂಲಭೂತ ಕರ್ತವ್ಯಗಳಲ್ಲಿ ನಮ್ಮ ಸಂಮಿಶ್ರ ಸಂಸ್ಕೃತಿಯ ಪರಂಪರೆಯನ್ನು ಕಾಯುವ ಹೊಣೆಯನ್ನು ಪ್ರತಿಯೊಬ್ಬ ನಾಗರಿಕನಿಗೂ ಹೊರಿಸಿತು. ಸಂಮಿಶ್ರವೆಂಬ ಆ ಮಾತು ನಮ್ಮ ಉಮರ್ಗಾ, ನಿಲಂಗಾ, ಉದಗೀರಗಳಿಗೆ ಒಪ್ಪುವಷ್ಟು ಇನ್ನಾವ ನಾಡಿಗೆ ಒಪ್ಪೀತು?

ಕನ್ನಡ ಸಂಘಗಳ ಹೊಣೆಯೂ ದೊಡ್ಡದು. ರಾಜ್ಯೋತ್ಸವದ ದಿನ ಭಾಷಣ, ನಾಟಕ, ಸನ್ಮಾನಗಳು ಇರಲಿ. ಅದರ ಜೊತೆಗೆ ವರ್ಷಕ್ಕೊಮ್ಮೆ ಮಕ್ಕಳನ್ನು ಬಸವಕಲ್ಯಾಣಕ್ಕೂ, ತೇರಿಗೂ, ಖರೋಸೆಗೂ ಕರೆದೊಯ್ಯಲಿ. ಹಳಗನ್ನಡ ಲಿಪಿಯ ಎಂಟು ದಿನಗಳ ಶಿಬಿರವನ್ನು ಬೇಸಿಗೆಯ ರಜೆಯಲ್ಲಿ ನಡೆಸಲಿ. ಪ್ರತಿಯೊಂದು ಊರಿನ ಕಲ್ಲುಗಳ ಪಟ್ಟಿಯನ್ನು ಮಾಡಿಸಲಿ. ಈ ವಿದ್ಯೆಗೆ ಹೊರಡುವ ಒಬ್ಬ ಬಡ ವಿದ್ಯಾರ್ಥಿಗೆ ಪುಸ್ತಕದ ವೆಚ್ಚವನ್ನಾದರೂ ಕೊಡಲಿ. ಈ ಕೆಲಸದಲ್ಲಿ ಮರಾಠಿ ಬಂಧುಗಳನ್ನು ಜೊತೆಗೆ ಕರೆದುಕೊಳ್ಳಲಿ. ಗುಡಿ ಇಬ್ಬರದೂ ಆಗಿದೆ, ದೇವರೂ ಇಬ್ಬರವನೇ.

ತಾಯಿತಂದೆಗಳಲ್ಲಿ ನಮ್ಮ ಬಿನ್ನಹ ಇಷ್ಟೆ. ಮಗನೋ ಮಗಳೋ ಹಳೆಯ ಕಲ್ಲಿನ ಮುಂದೆ ಕುಳಿತು ಹೊತ್ತು ಕಳೆದರೆ ಗದರಿಸಬೇಡಿರಿ. ವಿದ್ಯಾರ್ಥಿಗಳಿಗೆ ನಮ್ಮ ಮಾತು ಇನ್ನೂ ಚಿಕ್ಕದು. ನೀವು ಮೇರೆಯಲ್ಲಿ ಹುಟ್ಟಿದವರೆಂದು ಕುಗ್ಗಬೇಡಿರಿ. ಎರಡು ಮನೆಗಳ ಬೀಗದ ಕೈಗಳೂ ಇರುವುದು ನಿಮ್ಮ ಸೊಂಟದಲ್ಲಿಯೇ. ನಿಮ್ಮ ಊರಿನ ಕಲ್ಲನ್ನು ಕಂಡರಿಸಿದ ರೂವಾರಿಯು ಸೂರ್ಯಚಂದ್ರರು ಇರುವವರೆಗೂ ಅದು ನಿಲ್ಲಲೆಂದು ಅವರಿಬ್ಬರನ್ನೂ ಅದರ ನೆತ್ತಿಯ ಮೇಲೆ ಕೆತ್ತಿಟ್ಟನು. ಸೂರ್ಯಚಂದ್ರರು ಇದ್ದಾರೆ, ಕಲ್ಲೂ ಇನ್ನೂ ಇದೆ. ಅದನ್ನು ಓದುವ ಕೆಲಸವೊಂದು ಉಳಿದಿದೆ. ಆ ಕೆಲಸವು ನಿಮ್ಮ ಪಾಲಿಗೆ ಬಂದಿದೆ.